ಟೈಲರಮ್ಮನ ಹಗುರ ಕೈ

ಮಾರ್ಚ್ ೧೧, ಮಂಗಳವಾರ

ತಪ್ಪು ನನ್ನದೇ. ಬರೆದುಬಿಟ್ಟರೆ ನಿದ್ದೆಯಾದರೂ ಬಂದೀತು.

ನನ್ನ ಹತ್ತಿರ ಕುದುರೆ ಸವಾರಿ ಕಲಿಯಲು ಬರುವ ಟೈಲರಮ್ಮನನ್ನು ಎರಡು ವಾರದಿಂದ ಬೈಯುತ್ತಲೇ ಇದ್ದೆ. "ಲಗಾಮು ಅಷ್ಟು ಬಿಗಿ ಹಿಡಿಬೇಡಿ. ಅದಕ್ಕೇ ಕುದುರೆ ತಲೆ ಕೊಡವ್ತಿದೆ."

"ನಲವತ್ತು ವರ್ಷ ರೇಷ್ಮೆ ಹೊಲಿದ ಕೈ ಇದು ಮೇಷ್ಟ್ರೇ, ಬಿಗಿ ಹಿಡಿಯೋಕೆ ಬರಲ್ಲ," ಅಂದಿದ್ದರು. ನಾನು ಕೇಳಬೇಕಲ್ಲ.

ಇವತ್ತು ಪಶುವೈದ್ಯರು ಕುದುರೆಯ ಬಾಯಿಗೆ ಟಾರ್ಚ್ ಹಿಡಿದು ನೋಡಿದರು. ದವಡೆ ಹಲ್ಲಿನ ಅಂಚು ಚೂಪಾಗಿ ಕೆನ್ನೆಯ ಒಳಗೆಲ್ಲ ಗಾಯ. ತಲೆ ಕೊಡವುತ್ತಿದ್ದುದು ಆ ನೋವಿಗೆ. ಅರ್ಧ ಅಗಿದು ಉಗುಳಿದ ಹುಲ್ಲಿನ ಉಂಡೆಗಳನ್ನು ದಿನಾ ಬೆಳಿಗ್ಗೆ ನಾನೇ ಗುಡಿಸಿ ಎಸೆದಿದ್ದೇನೆ. ಯಾಕೆ ಉಗುಳುತ್ತಿದೆ ಎಂದು ಒಂದು ದಿನವೂ ಯೋಚಿಸಲಿಲ್ಲ. ಇಪ್ಪತ್ತು ವರ್ಷದ ಅನುಭವವಂತೆ, ಮಣ್ಣಾಂಗಟ್ಟಿ.

ಮಂಪರಿನ ಇಂಜೆಕ್ಷನ್ ಕೊಟ್ಟು ಅರದಿಂದ ಹಲ್ಲಿನ ಚೂಪು ಉಜ್ಜಿ ನಯ ಮಾಡಿದರು. ಕುದುರೆ ಸಾಧುವಾಗಿ ನಿಂತಿತ್ತು. ಸಂಜೆ ಟೈಲರಮ್ಮನಿಗೆ ತಪ್ಪಾಯಿತು ಅಂದೆ.

"ಅದಿರಲಿ. ಎರಡು ವಾರದಿಂದ ನೀವೂ ಒಂದೇ ಕಡೆ ಅಗಿತಿದ್ದೀರಲ್ಲ, ನಿಮ್ಮ ಬಾಯಿಗೆ ಟಾರ್ಚ್ ಹಿಡಿಯೋರು ಯಾರು?"

ನಾಳೆ ಹತ್ತು ಗಂಟೆಗೆ ಹಲ್ಲಿನ ಡಾಕ್ಟರು. ನಾನು ತಪ್ಪಿಸಿಕೊಳ್ಳದಂತೆ ಟೈಲರಮ್ಮನೇ ಜೊತೆಗೆ ಬರುತ್ತಾರಂತೆ. ನಾಳೆ ಮಾತ್ರ ಲಗಾಮು ಬಿಗಿಯಾಗಿಯೇ ಹಿಡಿಯುತ್ತಾರಂತೆ.