ಎಡಗಾಲು ಸೋರುತ್ತಿದೆ ಎಂದು ಬರೆದಿದ್ದಿರಿ

ಭಾನುವಾರ, ಮಧ್ಯಾಹ್ನ

ಮೀನುಮರಿ ಸಾಕುವ ಕೇಂದ್ರದಲ್ಲಿರುವ ನಮ್ಮ ಯಜಮಾನರಿಗೆ,

ನಮಸ್ಕಾರ. ಇಲ್ಲಿ ನಾನು ಕ್ಷೇಮ. ಅಲ್ಲಿ ನೀವೂ ಕ್ಷೇಮವೆಂದು ನಂಬಿದ್ದೇನೆ ಅಂತ ಎಲ್ಲರೂ ಬರೆಯುತ್ತಾರೆ. ನಾನು ಬರೆಯುವುದಿಲ್ಲ, ಯಾಕೆಂದರೆ ನಂಬಿಲ್ಲ. ಈ ಕಾಗದವನ್ನು ನಿಂತುಕೊಂಡು ಓದಬೇಡಿ. ಎಲ್ಲಾದರೂ ಕೂತು, ಕಾಲು ಮೇಲೆತ್ತಿಕೊಂಡು ಓದಿ. ವಿಷಯ ನಿಮ್ಮ ಕಾಲಿನದೇ. ಅಷ್ಟಕ್ಕೇ ಕಾಗದ ಮಡಿಸಿ ಜೇಬಿಗೆ ತುರುಕಿಕೊಂಡು ಹೊಳೆಗೆ ಇಳಿಯುವವರು ನೀವು, ನನಗೆ ಗೊತ್ತಿಲ್ಲವೇ? ಈ ಸಲ ಮಾತ್ರ ಪೂರ್ತಿ ಓದಿ.

ಹೋದ ವಾರ ಬಸ್ಸಿನ ಡ್ರೈವರಣ್ಣ ನಿಮ್ಮ ಗಂಟು ತಂದುಕೊಟ್ಟ. ನೀವು ದಿನವಿಡೀ ತೊಟ್ಟು ಹೊಳೆಯಲ್ಲಿ ನಿಲ್ಲುವ ಆ ರಬ್ಬರ್ ಪ್ಯಾಂಟು, ಬೂಟು ಸಮೇತ, ಎದೆಮಟ್ಟದ್ದು. ಜೊತೆಗೆ ಒಂದು ಚೀಟಿ. ಎಡಗಾಲು ಸೋರುತ್ತಿದೆ, ಬಲೆ ಹಾಕುವ ಕಾಲ ಶುರುವಾಗುವುದರೊಳಗೆ ಬೇಕು. ಅಷ್ಟೇ. ಮನೆ ಬಿಟ್ಟು ಹೋದ ಮೇಲೆ ನೀವು ಬರೆದ ಮೊದಲ ಅಕ್ಷರಗಳು ಇವು. ಹೇಗಿದ್ದೀಯ ಅಂತ ಕೇಳಲು ಚೀಟಿಯಲ್ಲಿ ಜಾಗ ಇರಲಿಲ್ಲವೋ ಏನೋ! ಹೆಂಡತಿ ಬೇಡ, ಹೆಂಡತಿಯ ಪ್ಯಾಚು ಅಂಟಿಸುವ ಸಲ್ಯೂಷನ್ ಡಬ್ಬಿ ಮಾತ್ರ ಬೇಕು ಅಂತ ಡ್ರೈವರಣ್ಣನ ಎದುರೇ ಅಂದುಬಿಟ್ಟೆ. ಪಾಪ, ಅವನು ಹಾರ್ನ್ ಒತ್ತುವ ನೆಪ ಮಾಡಿ ಓಡಿಹೋದ.

ಸಿಟ್ಟು ಬಂದರೂ ಕೆಲಸಕ್ಕೆ ಮೋಸ ಮಾಡುವವಳಲ್ಲ ನಾನು. ಮೊದಲು ನೆರಳಿನಲ್ಲಿ ತಲೆಕೆಳಗು ನೇತುಹಾಕಿ ಒಣಗಿಸಿದೆ. ಆಮೇಲೆ ಮುಂದಿನ ಕೋಣೆಯ ಬಾಗಿಲು ಕಿಟಕಿ ಮುಚ್ಚಿ, ಸಂದಿಗಳಿಗೆ ಬಟ್ಟೆ ತುರುಕಿ, ಎಡಗಾಲಿನೊಳಗೆ ಟಾರ್ಚು ಇಳಿಬಿಟ್ಟು ಹೊರಗಿನಿಂದ ಒಂದೊಂದೇ ಇಂಚು ನೋಡುತ್ತಾ ಬಂದೆ. ತೂತಿದ್ದರೆ ಸೂಜಿಮೊನೆಯಷ್ಟಾದರೂ ಬೆಳಕು ಕಾಣಬೇಕಲ್ಲ. ಕಾಣಲಿಲ್ಲ. ಮಾರನೆಯ ದಿನ ಆ ಕಾಲಿನ ತುಂಬ ನೀರು ಹುಯ್ದು, ಹೊರಗೆಲ್ಲ ಒರೆಸಿ, ಎದುರಿಗೆ ಸ್ಟೂಲು ಹಾಕಿಕೊಂಡು ಕೂತೆ. ಎಲ್ಲಾದರೂ ಒಂದು ಹನಿ ಕಟ್ಟುತ್ತದೆಯೇ ಅಂತ ಕಾದಿದ್ದೇ ಬಂತು. ಮಂಡಿಯ ಮೇಲೆ ನಾನೇ ಹಾಕಿದ ಹಳೆಯ ಪ್ಯಾಚು ಕೂಡ ಗಟ್ಟಿಯಾಗಿತ್ತು. ಒಳಗೆ ಮೂಗಿಟ್ಟು ನೋಡಿದರೆ ಬರೀ ಬೆವರಿನ ವಾಸನೆ. ದಿನವಿಡೀ ರಬ್ಬರಿನೊಳಗೆ ನಿಂತರೆ ಕಾಲುಚೀಲ ಬೆವರಿಗೇ ಒದ್ದೆಯಾಗುತ್ತದೆ, ಇಷ್ಟು ವರ್ಷ ಹೊಳೆಯಲ್ಲಿ ನಿಂತವರಿಗೆ ಅದೂ ತಿಳಿಯದೇ ಅಂತ ಬಾಯಿಗೆ ಬಂದಂತೆ ಬೈದೆ. ನೀವು ಇಲ್ಲದ ಮನೆಯಲ್ಲಿ ಬೈಯಲು ಏನು ಅಡ್ಡಿ?

ಸುಳ್ಳು ಹೇಳಿದ್ದೀರಿ ಅಂತ ನಿಮ್ಮ ಮುಖಕ್ಕೆ ಹಿಡಿಯಬೇಕಿತ್ತು ನನಗೆ. ಅದಕ್ಕೇ ಶುಕ್ರವಾರ ಆ ರಾಕ್ಷಸ ಪ್ಯಾಂಟನ್ನು ನಾನೇ ತೊಟ್ಟೆ. ಅದರೊಳಗೆ ನನ್ನಂಥವರು ಇಬ್ಬರು ಹಿಡಿಸುತ್ತಾರೆ. ಒಣಗಿದ ಕಾಲುಚೀಲ ಹಾಕಿಕೊಂಡು, ಪಟ್ಟಿಗಳನ್ನು ಹೆಗಲಿಗೆ ಗಂಟುಹಾಕಿಕೊಂಡು, ಹಿತ್ತಲಿನ ಬಟ್ಟೆ ತೊಳೆಯುವ ತೊಟ್ಟಿಯೊಳಗೆ ಇಳಿದು ನಿಂತೆ. ಪಕ್ಕದ ಮನೆಯ ಟೈಲರಮ್ಮ ಗೋಡೆಯ ಮೇಲಿಂದ ಇಣುಕಿ, ಯಾವ ಮೀನು ಹಿಡಿಯುತ್ತಿದ್ದೀಯೇ ಅಂತ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೂ ನಗು ಬಂತು. ಎಡಗಾಲು ಬೆಚ್ಚಗೆ, ಒಣಗಿಯೇ ಇತ್ತು.

ಬಲಗಾಲು ತಣ್ಣಗಾಗತೊಡಗಿತು.

ಮೊದಲು ಹಿಮ್ಮಡಿ, ಆಮೇಲೆ ಬೆರಳುಗಳು. ಇದೇನಪ್ಪಾ ಅಂತ ಒಂದು ಹೆಜ್ಜೆ ಊರಿದೆ ನೋಡಿ, ಜೀವ ಹೋದಂತಾಯಿತು. ನಾನು ಕಿರುಚಿದ್ದಕ್ಕೆ ಟೈಲರಮ್ಮನ ನಗು ಅಲ್ಲಿಗೇ ನಿಂತಿತು. ಗೋಡೆ ಹತ್ತಿ ಇಳಿದು ಬಂದು ಅವಳೇ ನನ್ನನ್ನು ಅದರೊಳಗಿಂದ ಎಳೆದಳು. ಬಲಬೂಟಿನ ಹಿಮ್ಮಡಿಯಲ್ಲಿ ಒಂದು ಮೊಳೆ, ರೀ. ದೋಣಿಕಟ್ಟೆಯ ಹಳೆಯ ಹಲಗೆಗಳಲ್ಲಿರುತ್ತದಲ್ಲ, ಅಂಥದ್ದು. ಹೊರಗಡೆ ಅದರ ತಲೆ ಸವೆದು ರಬ್ಬರಿನೊಳಗೆ ಹೂತುಹೋಗಿದೆ. ಒಳಗಡೆ ಮೊನೆ ಅಕ್ಕಿಕಾಳಿನಷ್ಟು ಎದ್ದು ನಿಂತಿದೆ. ತಲೆ ಸವೆಯಬೇಕಾದರೆ ಎಷ್ಟು ದಿನ ಅದರ ಮೇಲೆ ನಡೆದಿರಬೇಕು ನೀವು! ಸುತ್ತಲ ಅಸ್ತರಿಗೆ ಕಂದು ಬಣ್ಣ ಹಿಡಿದಿತ್ತು. ತುಕ್ಕು ಇರಬೇಕು ಅಂತ ಟೈಲರಮ್ಮ ಹೇಳಿದಳು. ನಾನು ಅದನ್ನು ಸಾಬೂನಿನಲ್ಲಿ ತೊಳೆದೆ. ತುಕ್ಕು ಸಾಬೂನಿಗೆ ಬಿಡುವುದಿಲ್ಲ. ಇದು ಬಿಟ್ಟಿತು.

ನನಗೆ ಒಂದು ಹೆಜ್ಜೆಗೆ ಗೊತ್ತಾದದ್ದು ನಿಮಗೆ ಇಷ್ಟು ದಿನ ಗೊತ್ತಾಗಲಿಲ್ಲ. ಸಂಜೆ ಬಿಚ್ಚಿದಾಗ ಎರಡೂ ಕಾಲುಚೀಲ ಒದ್ದೆ ಇದ್ದಿರಬೇಕು. ಎರಡನ್ನೂ ಒಟ್ಟಿಗೆ ಹಿಂಡಿ ಹಗ್ಗಕ್ಕೆ ಎಸೆಯುವ ಅಭ್ಯಾಸ ನಿಮ್ಮದು. ತಣ್ಣಗಾಗಿದೆ ಅಂತ ಹೇಳಿದ್ದು ಎಡಗಾಲು ಮಾತ್ರ, ಅದೂ ಬರೀ ಬೆವರಿಗೆ. ಬಲಗಾಲು ಹೊಳೆಯ ನೀರಿನಲ್ಲೇ ನೆನೆಯುತ್ತಿದ್ದರೂ ನಿಮಗೆ ಏನೂ ಹೇಳಲಿಲ್ಲ. ಸುಳ್ಳು ಹೇಳಿದವರು ನೀವಲ್ಲ. ಆ ಕಾಲಿಗೆ ಸ್ಪರ್ಶ ಹೋಗಿದೆ.

ನಿಮ್ಮ ಅಮ್ಮನಿಗೂ ಹೀಗೇ ಶುರುವಾಯಿತು. ಸಕ್ಕರೆ ಕಾಯಿಲೆ ಇದೆ ಅಂತ ಯಾರಿಗೂ ತಿಳಿದಿರಲಿಲ್ಲ. ಒಲೆಯ ಕೆಂಡ ತುಳಿದು ಸುಮ್ಮನೆ ನಡೆದುಹೋದರು, ಸುಟ್ಟ ವಾಸನೆ ಬಂದು ನಾವು ನೋಡಿದೆವು. ನೋವಿಲ್ಲ ಬಿಡು ಅಂತ ಅವರೂ ಅಂದರು. ಆಮೇಲೆ ಮಂಡಿಯ ಕೆಳಗೆ ಏನು ಉಳಿಯಿತು ಅಂತ ನಿಮಗೆ ನೆನಪಿಸಬೇಕಿಲ್ಲ. ಅವರ ಬಟ್ಟೆ ಬದಲಾಯಿಸಿದವಳು, ಇಲ್ಲದ ಕಾಲು ಕಡಿಯುತ್ತದೆ ಅಂತ ಅವರು ಅತ್ತಾಗ ಹಾಸಿಗೆಯ ಬರಿಯ ಜಾಗವನ್ನು ತಿಕ್ಕಿದವಳು ನಾನು. ಆದ್ದರಿಂದಲೇ, ನೀವು ಒಂದೇ ಚಪ್ಪಲಿ ಹಾಕಿಕೊಂಡು ಮನೆಗೆ ಬಂದ ದಿನ, ಇನ್ನೊಂದು ದಾರಿಯಲ್ಲಿ ಕಳಚಿಬಿದ್ದದ್ದು ನಿಮಗೆ ತಿಳಿಯಲೇ ಇಲ್ಲ ಅಂತ ಬೀದಿಯವರೆಲ್ಲ ನಕ್ಕ ದಿನ, ನಾನು ನಗಲಿಲ್ಲ. ಡಾಕ್ಟರ ಹತ್ತಿರ ಹೋಗೋಣ ಅಂದೆ. ನನ್ನನ್ನು ಅಮ್ಮನ ಹಾಗೆ ಮೂಲೆಯಲ್ಲಿ ಕೂರಿಸಬೇಕು ಅಂತಿದ್ದೀಯ ಅಂತ ಕೂಗಾಡಿ ನೀವು ಗಂಟುಮೂಟೆ ಕಟ್ಟಿದಿರಿ. ಹೋಗಿ, ಹೊಳೆಯ ಜೊತೆಗೇ ಸಂಸಾರ ಮಾಡಿ ಅಂತ ನಾನೂ ಕೂಗಿದೆ. ಅದೆಲ್ಲ ಈಗ ಬಿಡಿ. ಜಗಳ ಆಮೇಲೆ ಎಷ್ಟು ಬೇಕಾದರೂ ಆಡೋಣ. ನನಗೆ ಭಯವಾಗಿದೆ.

ಮೊಳೆ ಕಿತ್ತಿದ್ದೇನೆ. ತೂತಿನ ಸುತ್ತ ಉಪ್ಪುಕಾಗದದಿಂದ ಉಜ್ಜಿ, ಒಳಗೂ ಹೊರಗೂ ಪ್ಯಾಚು ಹಾಕಿ, ಮೇಲೆ ಇಸ್ತ್ರಿಪೆಟ್ಟಿಗೆ ಹೇರಿ ಒಂದು ದಿನ ಒಣಗಲು ಬಿಟ್ಟೆ. ಇವತ್ತು ಬೆಳಗ್ಗೆ ಮತ್ತೆ ತೊಟ್ಟಿಗೆ ಇಳಿದು ನೋಡಿದೆ, ಒಂದು ತೊಟ್ಟೂ ಬರಲಿಲ್ಲ. ಆದರೆ ಅದನ್ನು ಕಳಿಸುವುದಿಲ್ಲ. ಕೋಣೆಯ ಗೂಟದಲ್ಲಿ ನೇತಾಡುತ್ತಿದೆ, ಅಲ್ಲೇ ಇರುತ್ತದೆ. ಮೀನುಗಳು ಎಲ್ಲಿಗೂ ಓಡಿಹೋಗುವುದಿಲ್ಲ. ಅದರ ಬದಲು ಈ ಪೊಟ್ಟಣದಲ್ಲಿ ನನ್ನ ಕೈಗನ್ನಡಿ ಇದೆ. ಬೆಳಕಿಗೆ ಬೆನ್ನು ಹಾಕಬೇಡಿ. ಬಲಗಾಲನ್ನು ಎಡಮಂಡಿಯ ಮೇಲಿಟ್ಟು, ಕನ್ನಡಿಯನ್ನು ಹಿಮ್ಮಡಿಯ ಕೆಳಗೆ ಹಿಡಿದು ನೋಡಿ. ನೋವಿಲ್ಲ ಅಂತ ಮಾತ್ರ ಹೇಳಬೇಡಿ. ನೋವಿಲ್ಲದ್ದೇ ನನ್ನ ಭಯ. ಗಾಯ ಕಂಡರೂ ಕಾಣದಿದ್ದರೂ ಶುದ್ಧ ಬಟ್ಟೆ ಸುತ್ತಿ ಇದೇ ಬಸ್ಸಿಗೆ ಹತ್ತಿ. ನೀವು ಬರುವವರೆಗೆ ಗಾಡಿ ಬಿಡಬೇಡ ಅಂತ ಡ್ರೈವರಣ್ಣನಿಂದ ಆಣೆ ಹಾಕಿಸಿಕೊಂಡಿದ್ದೇನೆ. ಆಸ್ಪತ್ರೆಯ ಬಾಗಿಲಲ್ಲಿ ನಾನು ನಿಂತಿರುತ್ತೇನೆ. ನಿಮ್ಮನ್ನು ಯಾವ ಮೂಲೆಯಲ್ಲೂ ಕೂರಿಸುವುದಿಲ್ಲ. ಹೊಳೆಗೆ ಇಳಿಯಲೇಬೇಕೆಂದರೆ ಇಳಿಯಿರಿ. ಎರಡು ಕಾಲಿನಲ್ಲಿ ಇಳಿಯಿರಿ ಅನ್ನುವುದಷ್ಟೇ ನನ್ನ ಹಟ.

ಇಂತಿ,
ಜಗಳ ಇನ್ನೂ ಮುಗಿಸದ
ನಿಮ್ಮ ಹೆಂಡತಿ

ತಾ.ಕ.: ಕನ್ನಡಿಯನ್ನು ಬಸ್ಸಿನಲ್ಲಿ ಹಾಗೇ ಕಳಿಸಬೇಡಿ, ಒಡೆದುಹೋಗುತ್ತದೆ. ನೀವೇ ಮಡಿಲಲ್ಲಿಟ್ಟುಕೊಂಡು ತನ್ನಿ. ಇನ್ನೊಂದು ಮಾತು. ಕಳೆದುಹೋದ ಆ ಬಲಗಾಲಿನ ಚಪ್ಪಲಿ, ನೀವು ಹೊರಟ ಮಾರನೆಯ ದಿನವೇ ಹುಡುಕಿ ತಂದೆ, ಚರಂಡಿಯ ಪಕ್ಕದಲ್ಲಿ ಬಿದ್ದಿತ್ತು. ಆವತ್ತಿನಿಂದ ಜೋಡಿ ಬಾಗಿಲ ಬಳಿಯೇ ಇದೆ. ಶುಕ್ರವಾರದಿಂದ ದಿನಾ ಬೆಳಗ್ಗೆ ಎರಡರ ಮೇಲೂ ಕೈಯಾಡಿಸಿ, ಮುಳ್ಳು ಮೊಳೆ ಏನೂ ಇಲ್ಲವೆಂದು ನೋಡಿ ಇಡುತ್ತಿದ್ದೇನೆ.