ಕೈಗೆ ಬಂದ ಕಾರ್ಡು

ಜೂನ್ ೧೪, ಗುರುವಾರ ಸಂಜೆ

ಪ್ರೀತಿಯ ಸೊಸೆಗೆ,

ನಿನ್ನ ಅತ್ತೆಯ ಆಶೀರ್ವಾದಗಳು. ಅತ್ತೆಯ ಕಾಗದ ಎಂದ ಕೂಡಲೇ ಮುಖ ಹುಳ್ಳಗೆ ಮಾಡಿಕೊಳ್ಳಬೇಡ, ಇದರಲ್ಲಿ ಬುದ್ಧಿವಾದ ಇಲ್ಲ. ಉತ್ತರ ತಡವಾಯಿತು, ಬೇಜಾರು ಮಾಡಿಕೊಳ್ಳಬೇಡ. ಕನ್ನಡಕದ ಕಾಲು ಮುರಿದಿತ್ತು. ನಿನ್ನ ಗಂಡ "ನಾಳೆ ಸರಿ ಮಾಡಿಸ್ತೀನಮ್ಮ" ಎನ್ನುತ್ತಲೇ ಇದ್ದ. ಅವನ ನಾಳೆ ಎಂಥದ್ದೆಂದು ನಿನಗೆ ಗೊತ್ತಲ್ಲ. ಕೊನೆಗೆ ದಾರ ಸುತ್ತಿಕೊಂಡು ಬರೆಯುತ್ತಿದ್ದೇನೆ.

ಅಕ್ಕನ ಮನೆಯಲ್ಲಿ ಕಣ್ತುಂಬ ನಿದ್ದೆ ಬರುತ್ತಿದೆ ಎಂದು ಬರೆದಿದ್ದೀಯ. ಓದಿ ಸಮಾಧಾನವಾಯಿತು. ಗಿಣಿ ಹುಟ್ಟಿದಂದಿನಿಂದ ನಿನ್ನ ನಿದ್ದೆ ಬಾಕಿಯಿತ್ತು, ಮಲಗು.

ಗಿಣಿ ಆರೋಗ್ಯವಾಗಿದ್ದಾಳೆ. ಮಾತೇ ಆಡದ ಮೊಮ್ಮಗಳನ್ನು ಗಿಣಿ ಎಂದು ಕರೆದವಳು ನಾನೇ. ಈಗ ಅದೇ ಅಂಟಿಕೊಂಡಿದೆ. ನೀನು ಹೋದ ಮೇಲೆ, ಆಟಿಸಂ ಇರುವ ಮಕ್ಕಳ ತರಗತಿಯ ಟೀಚರ್ ಹೊಸ ಪಾಠವೊಂದನ್ನು ಶುರು ಮಾಡಿದ್ದಾರೆ. ಚಿತ್ರದ ಕಾರ್ಡುಗಳ ಸಣ್ಣ ಪುಸ್ತಕ. ನೀರು, ಬಾಳೆಹಣ್ಣು, ಉಯ್ಯಾಲೆ, ಚೆಂಡು. ಬೇಕಾದದ್ದರ ಕಾರ್ಡು ಕಿತ್ತು ಅವಳು ನಮ್ಮ ಕೈಗಿಡಬೇಕು; ಕೈಗೆ ಬಂದ ತಕ್ಷಣ ನಾವು ಅದನ್ನು ಕೊಡಬೇಕು. "ಕೇಳಿದ್ರೆ ಸಿಗುತ್ತೆ ಅನ್ನೋ ನಂಬಿಕೆ ಬರ್ಲಿ ಅಜ್ಜಿ, ಮಿಕ್ಕಿದ್ದೆಲ್ಲ ಆಮೇಲೆ" ಎಂದರು. ನನಗೋ, ಮಗುವಿನ ಮುಖ ಬಾಡಿದರೆ ಲೋಟ ಹಿಡಿದು ಓಡುವ ಚಟ. "ಅವಳೇ ಕೇಳ್ಲಿ, ಬಿಡಿ" ಎಂದು ಟೀಚರ್ ಹತ್ತಿರ ಬೈಸಿಕೊಂಡು ಕೈಕಟ್ಟಿ ಕೂತೆ. ಒಂದು ದಿನ ನೀರಿನ ಕಾರ್ಡು ತಂದು ನನ್ನ ಅಂಗೈಯಲ್ಲಿಟ್ಟಳು ನೋಡು, ಖುಷಿಗೆ ಅಳು ಬಂತು. ಆಮೇಲೆ ದರ್ಬಾರು ಶುರುವಾಯಿತು. ನಾನು ಸ್ನಾನಕ್ಕೆ ಹೋದರೆ ಬಾಗಿಲ ಸಂದಿಯಿಂದ ಉಯ್ಯಾಲೆಯ ಕಾರ್ಡು ಒಳಗೆ ಬರುತ್ತಿತ್ತು! ಒದ್ದೆ ತಲೆಯಲ್ಲೇ ಓಡಿದ್ದೇನೆ. ಎದುರು ಮನೆಯ ಹುಡುಗಿಗೂ ಚೆಂಡಿನ ಕಾರ್ಡು ಕೊಟ್ಟಳು. ಇಬ್ಬರೂ ಚೆಂಡು ಉರುಳಿಸಿ ಆಡಿದರು. ಗಿಣಿ ಅವಳ ಮುಖ ನೋಡಲಿಲ್ಲ, ಆದರೆ ತನ್ನ ಸರದಿಗೆ ಕಾದಳು.

ಇಷ್ಟರಲ್ಲಿ ನಾನೊಂದು ಅಧಿಕಪ್ರಸಂಗ ಮಾಡಿದೆ. ಟೀಚರನ್ನು ಕೇಳದೆ, ಗೋಡೆಯ ಮೇಲಿದ್ದ ನಿಮ್ಮಿಬ್ಬರ ಫೋಟೋದಿಂದ ನನ್ನ ಮಗನನ್ನು ಕತ್ತರಿಸಿ ಬದಿಗಿಟ್ಟು, ನಿನ್ನನ್ನು ಮಾತ್ರ ಕಾರ್ಡು ಮಾಡಿ ಪುಸ್ತಕಕ್ಕೆ ಅಂಟಿಸಿದೆ. ಮಗುವಿಗೆ ಅಮ್ಮನ ಮುಖ ಮರೆಯದಿರಲಿ ಎಂದು. ಮಾರನೆಯ ಬೆಳಿಗ್ಗೆ ಅದನ್ನೇ ತಂದು ಕೊಟ್ಟಳು. ನಾನೇನು ಕೊಡಲಿ? "ಬರ್ತಾಳೆ ಪುಟ್ಟ" ಎಂದೆ. ಅವಳಪ್ಪನಿಗೆ ಕೊಟ್ಟಳು, ಅವನು ಎದ್ದು ಹಿತ್ತಲಿಗೆ ಹೋದ. ಹಾಲಿನವನಿಗೂ ಕೊಟ್ಟಳು, ಪಾಪ, ಅವನು ನನ್ನ ಮುಖ ನೋಡಿದ. ಯಾರೂ ಏನೂ ಕೊಡಲಿಲ್ಲ. ಸೋಮವಾರದಿಂದ ಗಿಣಿ ಯಾವ ಕಾರ್ಡನ್ನೂ ಮುಟ್ಟಿಲ್ಲ. ನಿನ್ನೆ ಬಾಯಾರಿ, ಹಿಂದಿನ ಹಾಗೆ ನಲ್ಲಿಯ ಬುಡದಲ್ಲಿ ಕೂತು ಚೀರಿದಳು. ಪುಸ್ತಕ ಪಕ್ಕದಲ್ಲೇ ಇತ್ತು.

ಟೀಚರ್ ಬೈಯಲಿಲ್ಲ. "ಕೊಡೋಕಾಗದ್ದನ್ನ ಪುಸ್ತಕದಲ್ಲಿ ಇಡಬಾರದು ಅಜ್ಜಿ. ಸದ್ಯಕ್ಕೆ ತೆಗೆದುಬಿಡಿ, ಮತ್ತೆ ನೀರಿನಿಂದ ಶುರು ಮಾಡೋಣ" ಎಂದರು. ತೆಗೆದೆ. ಇವತ್ತು ಲೋಟ ತುಂಬಿಸಿ ಎದುರಿಗಿಟ್ಟುಕೊಂಡು ಕಾದೆ. ಪುಸ್ತಕದ ಹತ್ತಿರ ಬಂದಳು, ಖಾಲಿ ಜಾಗವನ್ನು ಬೆರಳಿಂದ ಸವರಿದಳು, ಹೋದಳು.

ನಿನ್ನ ಅಕ್ಕನನ್ನು ಕೇಳಿದೆನೆಂದು ಹೇಳು. ಹೊಟ್ಟೆ ತುಂಬ ಉಣ್ಣು. ನಿನ್ನ ಮೈ, ಮನಸ್ಸು ಎರಡೂ ತಣ್ಣಗಿರಲಿ, ಮಗಳೇ.

ನಿನ್ನ ಅತ್ತೆ

ಮತ್ತೊಂದು ಮಾತು: ಹೊರಡುವಾಗ ಬಾಗಿಲಲ್ಲಿ ನಿಂತು ನೀನು ಹೇಳಿದೆಯಲ್ಲ, "ಅವಳಿಗೆ ನಾನಿದ್ರೂ ಒಂದೇ, ಇಲ್ದಿದ್ರೂ ಒಂದೇ ಅತ್ತೆ. ಹೆತ್ತವಳು ಅಂತ ಒಂದ್ಸಲನಾದ್ರೂ ತಿರುಗಿ ನೋಡಿದ್ದಾಳಾ?" ಪುಸ್ತಕದಿಂದ ಕಿತ್ತ ನಿನ್ನ ಕಾರ್ಡನ್ನು ಬಿಸಾಡಲು ಕೈ ಬರಲಿಲ್ಲ, ಈ ಲಕೋಟೆಯಲ್ಲೇ ಇಟ್ಟಿದ್ದೇನೆ. ಮೂಲೆ ಕಚ್ಚಿದವಳು ಅವಳೇ. ಇಷ್ಟು ದಿನ ಪಾಪ, ಕೊಡಲಾಗದವರ ಕೈಗೆಲ್ಲ ಕೊಟ್ಟಳು. ಈಗ ನಿನ್ನ ಕೈಗೆ ಬಂದಿದೆ. ಕಾರ್ಡು ಕೈಗೆ ಬಂದರೆ ಏನು ಮಾಡಬೇಕೆಂದು ಮೇಲೆ ಬರೆದಿದ್ದೇನೆ.