ನೆಲಕ್ಕೆ ಬಿದ್ದ ದಾಳ

ಮನೆಯಿಂದ,
ಹನ್ನೆರಡನೇ ತಾರೀಖು, ಮಂಗಳವಾರ ಬೆಳಿಗ್ಗೆ

ನನ್ನ ಮುದ್ದಿನ ಪಟಾಕಿಗೆ,

ಹೇಗಿದ್ದೀಯೇ? ಹೊತ್ತಿಗೆ ಸರಿಯಾಗಿ ತಿನ್ನುತ್ತಿದ್ದೀಯಾ? ನೀನು ಕೂತು ನಡೆಸುವ ಅಷ್ಟೆತ್ತರದ ಕ್ರೇನಿನ ಗೂಡಿಗೆ ಗಾಳಿ ಬಡಿಯುತ್ತದಂತೆ, ಕಿವಿ ಮುಚ್ಚಿಕೋ. ನಿನ್ನಜ್ಜಿ ನಾನು ಗಟ್ಟಿಯಾಗಿದ್ದೇನೆ. ಹೊಲಿಗೆ ಯಂತ್ರಕ್ಕೆ ದಾರ ಪೋಣಿಸಲು ಮಾತ್ರ ನಿನ್ನಮ್ಮನ ಕಣ್ಣು ಬೇಕು.

ನೀನು ಹೋಗಿ ಐದು ತಿಂಗಳಾಯಿತು. "ಆ ಕ್ರೇನ್ ಹತ್ತಿದ್ರೆ ಈ ಹೊಸ್ತಿಲು ತುಳೀಬೇಡ" ಅಂದ ನಿನ್ನಪ್ಪ ಅವತ್ತಿನಿಂದ ನಿನ್ನ ಸುದ್ದಿಯೇ ಎತ್ತಿರಲಿಲ್ಲ. ಕ್ರೇನುಗಳ ಕೆಳಗೆ ಇಪ್ಪತ್ತು ವರ್ಷ ಸರಕು ಇಳಿಸಿದವನು, ಹಗ್ಗ ಹರಿದು ಸರಕು ಬಿದ್ದದ್ದನ್ನು ಕಣ್ಣಾರೆ ಕಂಡವನು. ಅವನಿಗೆ ಹೆದರಿಕೆಯೂ ಸಿಟ್ಟಾಗಿಯೇ ಬರುತ್ತದೆ, ಚಿಕ್ಕಂದಿನಿಂದ. ಅರ್ಧಕ್ಕೆ ನಿಂತ ನಮ್ಮ ದಾಳದಾಟದ ಹಲಗೆಯನ್ನು ನೀನು ಬಿಟ್ಟುಹೋದ ಹಾಗೇ ಬಟ್ಟೆ ಮುಚ್ಚಿ ಇಟ್ಟಿದ್ದೆ. ಮೊನ್ನೆ ಭಾನುವಾರ ಮಧ್ಯಾಹ್ನ ಅವನೇ ಬಟ್ಟೆ ಸರಿಸಿ, "ಬಾರಮ್ಮ ರಾಕ್ಷಸಿ, ನಿನ್ನ ಸರದಿ" ಅಂದ.

ನಿನಗೆ ನೆನಪಿರಬೇಕು, ನೀವು ಮೂವರು ವೀರರು ಒಂದು ಕಡೆ, ನನ್ನ ರಾಕ್ಷಸ ಒಬ್ಬನೇ ಇನ್ನೊಂದು ಕಡೆ. ನಿನ್ನಮ್ಮನ ವೈದ್ಯೆ ಹಲಗೆಯ ಆ ತುದಿಯ ಬಾಗಿಲಲ್ಲಿ. ಅಪ್ಪನ ಕೊಡಲಿಯವನಿಗೆ ಎರಡು ಜೀವ. ನಿನ್ನ ಬಿಲ್ಲುಗಾತಿಗೆ ಒಂದೇ. ನಾನೇ ಉಗುರುಬಣ್ಣದಲ್ಲಿ ಕೆಂಪು ಶಾಲು ಬಳಿದ ಆ ಹೆಬ್ಬೆರಳುದ್ದದ ಗೊಂಬೆಯ ಪಕ್ಕದಲ್ಲೇ ನನ್ನ ರಾಕ್ಷಸ. ಅತಿ ಹತ್ತಿರದವರನ್ನೇ ಹೊಡೆಯಬೇಕಲ್ಲ, ಬೇರೆ ದಾರಿಯಿಲ್ಲ. ಸತ್ತು ಪೆಟ್ಟಿಗೆ ಸೇರಿದವರು ಈ ಆಟಕ್ಕೆ ಮತ್ತೆ ಬರುವಂತಿಲ್ಲ. ಮೂರು ದಾಳ ಕೈಗೆ ತೆಗೆದುಕೊಂಡೆ.

"ತಡಿಯಮ್ಮ. ನಾನು ಅಡ್ಡ ನಿಲ್ತೀನಿ" ಅಂದ ನಿನ್ನಪ್ಪ. ಕೊಡಲಿಯವನನ್ನು ಇಬ್ಬರ ನಡುವೆ ತಳ್ಳಿದ. ಅಡ್ಡ ನಿಂತವನಿಗೇ ಎಲ್ಲ ಏಟು. ಹಾಕಿದೆ. ಒಂದರಲ್ಲಿ ತಲೆಬುರುಡೆ, ಒಂದು ಜೀವ ಹೋಯಿತು. ಎರಡನೆಯದು ಖಾಲಿ. ಮೂರನೆಯದು ಲೋಟಕ್ಕೆ ತಾಗಿ ಹೊಲಿಗೆ ಯಂತ್ರದ ಕೆಳಗೆ ಉರುಳಿತು. ನಿನ್ನಮ್ಮ ಮೊಣಕಾಲೂರಿ ಬಗ್ಗಿ ನೋಡಿ, "ಖಾಲಿ! ಬದುಕಿದ್ರಿ ಕಣ್ರೀ!" ಅಂತ ಕೂಗಿದಳು. ಶತ್ರುವಾದ ನಾನೂ ಚಪ್ಪಾಳೆ ತಟ್ಟಿಬಿಟ್ಟೆ.

ಇವನು ನಗಲಿಲ್ಲ. "ಎಲ್ಲಿ ಬದುಕಿದೆ? ನೆಲಕ್ಕೆ ಬಿದ್ದದ್ದು ಲೆಕ್ಕಕ್ಕಿಲ್ಲ. ಏಳು ವರ್ಷದೋಳಿದ್ದಾಗ ಅವಳೇ ಮಾಡಿದ ಕಾನೂನು. ಮತ್ತೆ ಹಾಕು."

ಐದು ತಿಂಗಳಲ್ಲಿ ಅವನ ಬಾಯಲ್ಲಿ 'ಅವಳು' ಬಂದದ್ದು ಅದೇ ಮೊದಲು. ಹಾಕಿದೆ. ಬುರುಡೆ. ಕೊಡಲಿಯವನನ್ನು ತಾನೇ ಎತ್ತಿ ಪೆಟ್ಟಿಗೆಯಲ್ಲಿ ಮಲಗಿಸಿದ. ನಿನ್ನ ಬಿಲ್ಲುಗಾತಿ ಅದೊಂದು ಜೀವ ಹಿಡಿದುಕೊಂಡು ನಿಂತಿದ್ದಾಳೆ. ಮುಂದಿನ ಸರದಿ ಅವಳದೇ. "ಅವಳ ಬದಲಿಗೆ ನಾನು ಹಾಕ್ಲಾ?" ಅಂದಳು ನಿನ್ನಮ್ಮ. ಅವನು ಹಲಗೆಗೆ ಮತ್ತೆ ಬಟ್ಟೆ ಮುಚ್ಚಿದ.

ಅಮ್ಮ ಎರಡು ಕೆನ್ನೆಗೂ ಮುತ್ತು ಕಳಿಸಿದ್ದಾಳೆ. ನೂರು ವರ್ಷ ಬಾಳು ಮಗಳೇ, ಅಷ್ಟೂ ವರ್ಷ ಸೊಂಟದ ಪಟ್ಟಿ ಬಿಗಿದುಕೊಂಡೇ ಮೇಲೆ ಕೂರು.

ನಿನ್ನ ರಾಕ್ಷಸಿ,
ಅಜ್ಜಿ

ತಾ.ಕ.: ಅಂಟು ತರಲು ಒಳಗೆ ಹೋಗಿ ಬರುವಷ್ಟರಲ್ಲಿ ಲಕೋಟೆ ಉಬ್ಬಿಕೊಂಡಿದೆ. ನೋಡಿದರೆ ದಾಳ. ಅವತ್ತು ನೆಲಕ್ಕೆ ಬಿದ್ದದ್ದೇ, ಮೂಲೆ ಚಕ್ಕೆ ಎದ್ದಿದೆ. ನಿನ್ನಪ್ಪ ಬಾಗಿಲಲ್ಲಿ ಬೂಟು ಹಾಕಿಕೊಂಡು, ಏನೂ ಗೊತ್ತಿಲ್ಲದವನ ಹಾಗೆ, "ಕೊಡು, ನಾನೇ ಅಂಚೆಗೆ ಹಾಕ್ತೀನಿ" ಅಂತ ಕೈ ಚಾಚಿದ್ದಾನೆ. ಎರಡೇ ದಾಳದಲ್ಲಿ ಇಲ್ಲಿ ಯಾರೂ ಆಡುವಂತಿಲ್ಲ. ತಗೊಂಡು ಬಾ.